ಮುದ್ದಣನ ಮರೆ ಮತ್ತು ಮನೋರಮೆಯ ಮಾತು

ಅಪರಿಚಿತರ ಮನೆಯ ಬಾಗಿಲನ್ನು ತಟ್ಟಲೆಂದು ಎತ್ತಿದ ಕೈಯು ಅರೆಗಳಿಗೆ ಅಲ್ಲಿಯೇ ನಿಂತುಬಿಡುವುದುಂಟು. ಒಳಗಿರುವವರು ಎಂಥವರೋ, ಬಂದವನನ್ನು ಬಾ ಎನ್ನುವರೋ, ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸುವರೋ ಎಂಬ ಶಂಕೆಯೇ ಇದಕ್ಕೆ ಕಾರಣವು. ಇಂತಹ ಭಯವು ಹೇಡಿಗಳಿಗೆ ಮಾತ್ರ ಹುಟ್ಟತಕ್ಕದ್ದೆಂದು ಲೋಕವು ಭಾವಿಸಿದೆ. ಕಾಳಿದಾಸನು ಹಾಗೆ ಭಾವಿಸಲಿಲ್ಲ. ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಹಿಮವಂತನ ಸ್ಥಿತಿಯನ್ನು ನೋಡಿರಿ. ಮಗಳು ಶಿವನಿಗೇ ಸಲ್ಲುವಳೆಂದು ನಾರದನಿಂದ ಆತನು ಕೇಳಿದ್ದಾನೆ. ಬೇರೆ ವರನನ್ನು ಅರಸುವ ಇಚ್ಛೆ ಅವನಿಗಿಲ್ಲ. ಆದರೂ ಶಿವನು ತಾನಾಗಿ ಕೇಳದಿರುವಾಗ ತಾನೇ ಹೋಗಿ ಕನ್ಯೆಯನ್ನು ಸ್ವೀಕರಿಸೆಂದು ಹೇಳಲು ಅವನಿಗೆ ಬಾಯಿ ಬಾರದು. ಈ ಮನಃಸ್ಥಿತಿಗೆ ಕವಿಯು ಅಭ್ಯರ್ಥನಾಭಂಗಭಯವೆಂದು ಹೆಸರಿಟ್ಟಿದ್ದಾನೆ. ಕೇಳಿದ್ದು ಮುರಿದುಹೋದೀತೆಂಬ ಭಯದಿಂದ, ಬೇಕಾದ ವಸ್ತುವಿನಲ್ಲಿಯೂ ಬೇಡದವನಂತೆ ಇದ್ದುಬಿಡುವುದೇ ಇದರ ಲಕ್ಷಣವು. ಗಮನಿಸತಕ್ಕ ಮಾತೇನೆಂದರೆ, ಇದನ್ನು ಆತನು ನೀಚನ ಗುಣವೆಂದು ಹೇಳದೆ ಸಾಧುವಿನ ಗುಣವೆಂದೇ ಹೇಳಿದ್ದಾನೆ. ಮಾನವಿರುವವನಿಗೇ ಮಾನಭಂಗದ ಭಯವು; ಕಳೆದುಕೊಳ್ಳುವುದೇನೂ ಇಲ್ಲದವನಿಗೆ ಅದೆಲ್ಲಿಯದು?

ಈ ಭಯವು ಪರ್ವತರಾಜನಿಗೆ ಮಾತ್ರ ಮೀಸಲಾದುದಲ್ಲ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಾಗಡಿ ರಸ್ತೆಗೂ ವಿಜಯನಗರಕ್ಕೂ ಹೊಂದಿಕೊಂಡಿರುವ ಗೋವಿಂದರಾಜನಗರದ ಬೀದಿಗಳಲ್ಲಿ ಇದನ್ನು ದಿನವೂ ಕಾಣಬಹುದು. ಹಲವು ಜಿಲ್ಲೆಗಳಿಂದ ಬಂದ ಸಂಸಾರಗಳು ಅಲ್ಲಿ ಒಂದೇ ಕಟ್ಟಡದ ಮೇಲಂತಸ್ತು ಕೆಳಗಂತಸ್ತುಗಳಲ್ಲಿ ವಾಸಿಸುತ್ತವೆ. ಒಬ್ಬರ ಮಾತಿನ ಧಾಟಿ ಮತ್ತೊಬ್ಬರಿಗೆ ಹೊಸದು. ಮೊದಲು ಮಾತಾಡಿಸಿದರೆ ಏನೆಂದುಕೊಳ್ಳುವರೋ ಎಂದು ಇವರೂ, ಇವರಾಗಿಯೇ ಮಾತಾಡಿಸಲಿಲ್ಲವಲ್ಲ ಎಂದು ಅವರೂ ಸುಮ್ಮನಿರುವುದರಲ್ಲಿ ವರ್ಷಗಳು ಸರಿದುಹೋಗುತ್ತವೆ. 2015ರಲ್ಲಿ ಮೆಟ್ರೋ ರೈಲು ಆ ಕಡೆಗೆ ಬಂದಿತು. ಹೊಸಹಳ್ಳಿಯಲ್ಲಿಯೋ ವಿಜಯನಗರದಲ್ಲಿಯೋ ಹತ್ತಿ ಭುಜಕ್ಕೆ ಭುಜ ತಾಗುವಂತೆ ನಿಂತು ಹೋಗುವವರ ನಡುವೆಯೂ ಈ ಮೌನವು ಹಾಗೆಯೇ ಇದೆ. ದೂರವು ಕಡಿಮೆಯಾದಷ್ಟಕ್ಕೆ ಭಯವು ಕಡಿಮೆಯಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಮನುಷ್ಯನಿಗಿರುವಂತೆ ಗ್ರಂಥಕ್ಕೂ ಈ ಅವಸ್ಥೆಯುಂಟು. ಹೊಸ ಗ್ರಂಥವೆಂಬುದು ವಾಚಕನ ಮನೆಬಾಗಿಲಿಗೆ ಬಂದು ನಿಂತ ಅಪರಿಚಿತನೇ ಸರಿ. ಅದನ್ನು ಕಳುಹಿಸಿದವನ ಎದೆಬಡಿತವು ವಾಚಕನಿಗೆ ಕೇಳಿಸುವುದಿಲ್ಲವಾದರೂ ಕೃತಿಯೊಳಗೆ ಎಲ್ಲಿಯೋ ಅದು ಅಡಗಿರುತ್ತದೆ. ಕನ್ನಡ ಸಾಹಿತ್ಯದಲ್ಲಿ ಈ ಎದೆಬಡಿತವು ಅತ್ಯಂತ ಸ್ಪಷ್ಟವಾಗಿ ಕೇಳಿಬರುವುದು ಮುದ್ದಣನ ಕೃತಿಗಳಲ್ಲಿ. ಆತನ ಭಯವು ಯಾವ ರೂಪವನ್ನು ತಾಳಿತು, ಅದಕ್ಕೆ ಮದ್ದನ್ನು ಆತನು ಎಲ್ಲಿ ಕಂಡುಕೊಂಡನು, ಆ ಮದ್ದು ಆತನಿಗೆ ದಕ್ಕಿತೇ ಇಲ್ಲವೇ ಎಂಬುದನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶವು.

ನಂದಳಿಕೆಯ ಲಕ್ಷ್ಮೀನಾರಣಪ್ಪನು 1870ರಲ್ಲಿ ಹುಟ್ಟಿದನು. ಕಾರ್ಕಳದ ಸೀಮೆಯ ಆ ಊರು ಈಗ ಉಡುಪಿ ಜಿಲ್ಲೆಗೆ ಸೇರಿದೆ. ಆ ಕಾಲಕ್ಕೆ ಅದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮುದ್ದಣನೆಂಬುದು ಮನೆಯವರು ಮುದ್ದಿನಿಂದ ಕರೆದ ಹೆಸರು. ಬಡತನದಲ್ಲಿ ಬೆಳೆದು, ವ್ಯಾಯಾಮ ಶಿಕ್ಷಣವನ್ನು ಪಡೆದು, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ, ಅನಂತರ ಕನ್ನಡ ಪಂಡಿತನಾಗಿ ಆತನು ಜೀವನವನ್ನು ಸಾಗಿಸಿದನು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಕಾಲುಗಳ ಅಭ್ಯಾಸ ಮಾಡಿಸುವ ಈ ಉಪಾಧ್ಯಾಯನು ರಾತ್ರಿಯ ವೇಳೆ ಹಳಗನ್ನಡದ ಮಹಾಕವಿಗಳ ನುಡಿಯಲ್ಲಿ ಕಾವ್ಯವನ್ನು ಬರೆಯುತ್ತಿರಬಹುದೆಂದು ಯಾರು ತಾನೇ ಊಹಿಸಿಯಾರು?

ಆತನು ಮೊದಲು ಬರೆದುವು ಯಕ್ಷಗಾನ ಪ್ರಸಂಗಗಳು. ರತ್ನಾವತೀಕಲ್ಯಾಣ, ಕುಮಾರವಿಜಯ ಎಂಬ ಇವೆರಡನ್ನೂ ಕರಾವಳಿಯ ಜನರು ಆತನವೆಂದೇ ಬಲ್ಲರು. ಅಲ್ಲಿ ಆತನಿಗೆ ಮರೆಯು ಬೇಕಾಗಲಿಲ್ಲ. ತನ್ನ ಊರು, ತನ್ನ ಜನ, ತಾನು ಬಾಲ್ಯದಿಂದಲೂ ಕೇಳಿದ ಚೆಂಡೆ ಮದ್ದಳೆಗಳ ದನಿ. ಅಲ್ಲಿ ನಿರಾಕರಣವೇನಾದರೂ ಬಂದರೆ ಅದು ಬಂಧುಗಳ ಗದರಿಕೆಯಂತೆ. ಆದರೆ ಅದ್ಭುತರಾಮಾಯಣವೆಂಬ ಗದ್ಯಕೃತಿಯೂ ಶ್ರೀರಾಮಪಟ್ಟಾಭಿಷೇಕವೆಂಬ ಷಟ್ಪದೀಕಾವ್ಯವೂ ಕೊನೆಯಲ್ಲಿ ಶ್ರೀರಾಮಾಶ್ವಮೇಧವೂ ಹೋಗಬೇಕಾದುದು ಘಟ್ಟದ ಮೇಲಿನ ಮೈಸೂರಿಗೆ. ಅದು ಬೇರೆ ಸಂಸ್ಥಾನ; ಅಲ್ಲಿನ ವಿದ್ವಾಂಸರು ಆತನ ಮುಖವನ್ನು ಕಂಡವರಲ್ಲ. ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ಅಲ್ಲಿ ಪ್ರಾಚೀನ ಕಾವ್ಯಗಳನ್ನು ಓಲೆಗರಿಗಳಿಂದ ಎತ್ತಿ ಅಚ್ಚು ಹಾಕಿಸುವ ಪುಣ್ಯಕಾರ್ಯದಲ್ಲಿ ತೊಡಗಿದ್ದರು. ಅವರ ಕೈಗೆ ತನ್ನ ಕೃತಿಗಳನ್ನು ಮುಟ್ಟಿಸುವಾಗ ಲಕ್ಷ್ಮೀನಾರಣಪ್ಪನು ಇವು ತನ್ನವೆಂದು ಹೇಳಲಿಲ್ಲ. ಹಿಂದಿನ ಕಾಲದವುಗಳೆಂಬ ಭಾವವು ಬರುವಂತೆ ಕಳುಹಿಸಿದನು. ಅವರೂ ಹಾಗೆಯೇ ನಂಬಿ ಸ್ವೀಕರಿಸಿದರು. 1895ರಲ್ಲಿ ಅದ್ಭುತರಾಮಾಯಣವೂ, 1896ರಲ್ಲಿ ಶ್ರೀರಾಮಪಟ್ಟಾಭಿಷೇಕವೂ, ಆ ಶತಮಾನವು ಮುಗಿಯುವ ವೇಳೆಗೆ ರಾಮಾಶ್ವಮೇಧವೂ ಬೆಳಕನ್ನು ಕಂಡುವು. ಕೃತಿಗಳಿಗೆ ಬಾಗಿಲು ತೆರೆಯಿತು. ಕರ್ತೃವು ಬೀದಿಯಲ್ಲಿಯೇ ಉಳಿದನು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಇದು ಭಯವೇಕೆ ಆಗಬೇಕು? ಉಪಾಯವೆಂದು ಏಕೆ ಹೇಳಬಾರದು? ಪ್ರಾಚೀನ ಗ್ರಂಥಗಳಿಗೆಂದೇ ಇದ್ದ ಮಾಲೆಯಲ್ಲಿ ಇಪ್ಪತ್ತೈದು ವರ್ಷದ ತರುಣನ ಹೊಸ ಕೃತಿಗೆ ಸ್ಥಳವೆಲ್ಲಿ? ಹಳೆಯದಕ್ಕೆ ಮಾತ್ರ ತೆರೆಯುವ ಬಾಗಿಲಿಗೆ ಹಳಬನ ವೇಷದಲ್ಲಿ ಹೋದುದು ಲೋಕಜ್ಞಾನವೇ ಹೊರತು ಅಂಜಿಕೆಯಲ್ಲ ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯವುಂಟು. ನಿರಾಕರಣದ ಭಯವು ಯಾವಾಗಲೂ ಭಯಪಡುವವನ ಎದೆಯಲ್ಲಿಯೇ ಹುಟ್ಟುವುದಿಲ್ಲ. ಎಷ್ಟೋ ಸಲ ಅದು ಬಾಗಿಲಿನ ಅಳತೆಯಿಂದ ಹುಟ್ಟುತ್ತದೆ. ಬಾಗಿಲು ಕುಳ್ಳಾದರೆ ಎತ್ತರದವನು ಬಗ್ಗಲೇ ಬೇಕು. ಹೊಸಬರನ್ನು ಹೇಡಿಗಳೆಂದು ಹಳಿಯುವ ಮೊದಲು ಮನೆಯವರು ತಮ್ಮ ಬಾಗಿಲನ್ನು ಒಮ್ಮೆ ಅಳೆದು ನೋಡತಕ್ಕದ್ದು.

ಆದರೂ ಉಪಾಯವೆಂಬ ಒಂದೇ ಮಾತಿನಿಂದ ಎಲ್ಲವೂ ತೀರುವುದಿಲ್ಲ. ಉಪಾಯವು ಕಾರ್ಯಸಿದ್ಧಿಯ ತನಕ ಮಾತ್ರ ಇರತಕ್ಕದ್ದು. ಮೊದಲನೆಯ ಗ್ರಂಥವು ಅಚ್ಚಾಗಿ ಸಹೃದಯರಿಗೆ ರುಚಿಸಿದ ಬಳಿಕ ಇದು ನನ್ನದೆಂದು ಒಂದು ಓಲೆಯನ್ನು ಬರೆಯಬಹುದಾಗಿತ್ತು. ಎರಡನೆಯದಾದ ಮೇಲೆ ಬರೆಯಬಹುದಾಗಿತ್ತು. ಆತನು ಬರೆದು ಪ್ರಕಟಪಡಿಸಲಿಲ್ಲ. ಸಿದ್ಧಿಯಾದ ಮೇಲೂ ವೇಷವನ್ನು ಕಳಚದಿರುವುದು ಉಪಾಯದ ಲಕ್ಷಣವಲ್ಲ. ಹಿಮವಂತನಿಗೆ ಕಾಳಿದಾಸನು ಹೇಳಿದ ಭಯವೇ ಇಲ್ಲಿಯೂ ಇದೆಯೆಂದು ಊಹಿಸಿದರೆ ತಪ್ಪಾಗಲಾರದು. ಬೇಕಾದುದರಲ್ಲಿ ಬೇಡದವನಂತೆ ಇರುವುದು: ಕೀರ್ತಿಯು ತನ್ನದೇ ಆಗಿರುವಾಗಲೂ ಅದರ ಪಕ್ಕದಲ್ಲಿ ಪರಕೀಯನಂತೆ ನಿಲ್ಲುವುದು.

ಹೊಸ ಸಭೆಯ ಮುಂದೆ ನಿಲ್ಲಬೇಕಾದ ಕವಿಗಳು ಈ ಭಯವನ್ನು ಹೇಗೆ ಎದುರಿಸಿದರೆಂಬುದನ್ನು ಹೋಲಿಸಿ ನೋಡಿದರೆ ಮುದ್ದಣನ ಮಾರ್ಗವು ಎಷ್ಟು ವಿಲಕ್ಷಣವೆಂಬುದು ತಿಳಿದೀತು. ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಭಯವನ್ನು ಸಭೆಯ ನಡುವೆಯೇ ತಂದು ನಿಲ್ಲಿಸುತ್ತಾನೆ. ಭಾಸ, ಸೌಮಿಲ್ಲ, ಕವಿಪುತ್ರರಂತಹ ಪ್ರಸಿದ್ಧರಿರುವಾಗ ಈ ಹೊಸಬನ ನಾಟಕವೇಕೆ ಎಂದು ಪಾತ್ರಧಾರಿಯಿಂದಲೇ ಕೇಳಿಸಿ, ಹಳೆಯದೆಂಬ ಮಾತ್ರಕ್ಕೆ ಒಳ್ಳೆಯದೂ ಅಲ್ಲ, ಹೊಸದೆಂಬ ಮಾತ್ರಕ್ಕೆ ಹೀನವೂ ಅಲ್ಲವೆಂಬ ತಾತ್ಪರ್ಯದ ಉತ್ತರವನ್ನು ಕೊಡಿಸುತ್ತಾನೆ. ರಘುವಂಶದ ಆರಂಭದಲ್ಲಿಯಾದರೋ ತಾನು ನಗೆಗೀಡಾಗಬಹುದೆಂದು ತಾನೇ ಹೇಳಿಕೊಂಡು ಮುಂದಡಿಯಿಡುತ್ತಾನೆ. ಬಾಯಿಬಿಟ್ಟು ಹೇಳಿದ ಭಯವು ಅರ್ಧದಷ್ಟು ಕರಗಿದ ಭಯವೇ. ಉಳಿದರ್ಧವನ್ನು ನಡಿಗೆಯು ಕರಗಿಸುತ್ತದೆ.

ಭವಭೂತಿಯ ಮಾರ್ಗವು ಬೇರೆ. ಮಾಲತೀಮಾಧವದ ಪ್ರಸ್ತಾವನೆಯಲ್ಲಿ ಆತನು ತನ್ನನ್ನು ತಿರಸ್ಕರಿಸುವವರ ಕಡೆಗೆ ಬೆನ್ನು ತಿರುಗಿಸಿ, ಕಾಲವೂ ಭೂಮಿಯೂ ದೊಡ್ಡವು, ತನ್ನಂಥವನು ಇನ್ನೆಲ್ಲಿಯಾದರೂ ಇನ್ನೆಂದಾದರೂ ಹುಟ್ಟದಿರನೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಗಂಭೀರವಾದ ಮಾತು, ಸಂದೇಹವಿಲ್ಲ. ಆದರೆ ಎದುರಿಗಿರುವ ಸಭಿಕನನ್ನು ಬಿಟ್ಟು ಹುಟ್ಟದಿರುವ ಸಭಿಕನನ್ನು ಆಶ್ರಯಿಸಿದ ಈ ಮಾತಿನಲ್ಲಿ ಗಾಯದ ಗುರುತು ಇದ್ದೇ ಇದೆ. ಕನ್ನಡದ ರನ್ನನು ಮೂರನೆಯ ಮಾರ್ಗದವನು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾವುಂಡರಾಯನ ಆಶ್ರಯವನ್ನು ಪಡೆದು ಮೇಲೆ ಬಂದ ಈ ಕವಿಯು ತನ್ನ ಕಾವ್ಯವನ್ನು ಪರೀಕ್ಷಿಸತಕ್ಕವರು ಯಾರಿದ್ದಾರೆಂದು ಗರ್ಜಿಸುತ್ತಾನೆ. ಸಹೃದಯರು ಇದನ್ನು ಆತ್ಮಪ್ರಶಂಸೆಯೆಂದು ಎಣಿಸಿ ನಗುವುದುಂಟು. ಆದರೆ ಕುಲವನ್ನೂ ಕಸುಬನ್ನೂ ಅಳೆಯುವ ಸಭೆಗಳ ನಡುವೆ ಬಂದವನಿಗೆ ಗರ್ಜನೆಯೂ ಒಂದು ಕವಚವಾಗಿದ್ದಿರಬಹುದೆಂಬುದನ್ನು ಮರೆಯಬಾರದು.

ಮುದ್ದಣನು ವಾದಿಸಲಿಲ್ಲ, ಬೆನ್ನು ತಿರುಗಿಸಲಿಲ್ಲ, ಗರ್ಜಿಸಲೂ ಇಲ್ಲ, ಮರೆಯಾದನು. ಇದಕ್ಕೆ ಸಮೀಪವಾದ ಉದಾಹರಣೆಯು ಇಂಗ್ಲಿಷ್ ಸಾಹಿತ್ಯದಲ್ಲಿ ಸಿಕ್ಕುತ್ತದೆ. ಬ್ರಿಸ್ಟಲಿನ ಬಡ ಬಾಲಕನಾದ ತಾಮಸ್ ಚಾಟರ್ಟನನು ತಾನು ಬರೆದುದನ್ನು ಹದಿನೈದನೆಯ ಶತಮಾನದ ರೌಲಿಯೆಂಬ ಪಾದ್ರಿಯದೆಂದು ಹೇಳಿ 1769ರಲ್ಲಿ ಹೊರೇಸ್ ವಾಲ್ಪೋಲನಿಗೆ ಕಳುಹಿಸಿದನು. ಹಳೆಯದೆಂದು ನಂಬಿದಾಗ ವಾಲ್ಪೋಲನು ಆದರದಿಂದ ಉತ್ತರ ಬರೆದನು. ಬರೆದವನು ಯಾರೆಂಬುದು ತಿಳಿದು ಶಂಕೆ ಹುಟ್ಟಿದಾಗ ಆ ಆದರವು ತಣ್ಣಗಾಯಿತು. ಮರುವರ್ಷ ಚಾಟರ್ಟನನು ಹದಿನೇಳನೆಯ ವಯಸ್ಸಿನಲ್ಲಿಯೇ ಲಂಡನ್ನಿನಲ್ಲಿ ಮೃತನಾದನು. ನಿರಾಕರಣದಿಂದ ತಪ್ಪಿಸಿಕೊಳ್ಳಲೆಂದು ಹಾಕಿದ ಮುಸುಕೇ ನಿರಾಕರಣಕ್ಕೆ ಕಾರಣವಾದುದು ಅವನ ದುರದೃಷ್ಟ. ಮುದ್ದಣನ ಮುಸುಕು ಹರಿಯಲಿಲ್ಲ. ಅದು ಅದೃಷ್ಟವೋ ಅಲ್ಲವೋ ಎಂಬುದನ್ನು ಮುಂದೆ ವಿಚಾರಿಸಬಹುದು.

ಹೀಗೆ ಮೈಸೂರಿನ ವಿದ್ವಾಂಸರ ಮುಂದೆ ಮರೆಯಾದ ಕವಿಯು ರಾಮಾಶ್ವಮೇಧದ ಒಳಗೆ ಮಾಡಿದ ಕೆಲಸವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಪದ್ಮಪುರಾಣದಲ್ಲಿ ಬರುವ ಅಶ್ವಮೇಧದ ಕಥೆಯನ್ನು ಹೇಳುವುದಷ್ಟೇ ಆತನ ಉದ್ದೇಶವಾಗಿದ್ದಲ್ಲಿ ನೇರವಾಗಿ ಆರಂಭಿಸಬಹುದಾಗಿತ್ತು. ಆದರೆ ಆತನು ಕಥೆಗೆ ಮೊದಲು ಒಂದು ಮನೆಯನ್ನು ಕಟ್ಟಿದನು. ಮಳೆಗಾಲದ ಹೊತ್ತನ್ನು ತಂದನು. ಅರಮನೆಯಿಂದ ಹಿಂದಿರುಗುವ ಕವಿಯೊಬ್ಬನನ್ನೂ ಅವನನ್ನು ಎದುರುಗೊಳ್ಳುವ ಮನೋರಮೆಯೆಂಬ ಪತ್ನಿಯನ್ನೂ ಸೃಷ್ಟಿಸಿದನು. ಆ ಕವಿಗೆ ಇಟ್ಟ ಹೆಸರು ಮುದ್ದಣನೆಂದು! ಹೊದಿಕೆಯ ಮೇಲೆ ಯಾವ ಹೆಸರು ಯಾರಿಗೂ ಪರಿಚಯವಿಲ್ಲದ ಹಳಬನೊಬ್ಬನದೆಂದು ತೋರಿತೋ ಅದೇ ಹೆಸರು ಪುಟದೊಳಗೆ ಮನೆಯ ಸಲಿಗೆಯಿಂದ ಮತ್ತೆ ಮತ್ತೆ ಕರೆಯಲ್ಪಡುತ್ತದೆ. ಬೀದಿಯಲ್ಲಿ ಅಡಗಿದವನು ಅಡಿಗೆಮನೆಯ ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿದ್ದಾನೆ. ಮನೋರಮೆಯು ಆತನ ಪತ್ನಿ ಕಮಲೆಯ ಪ್ರತಿಬಿಂಬವೆಂದು ಹೇಳುವವರುಂಟು, ಹಾಗಿದ್ದರೂ ಇರಬಹುದು. ಅದಕ್ಕಿಂತ ಮುಖ್ಯವಾದುದು ಕಾವ್ಯದೊಳಗೆ ಅವಳು ಮಾಡುವ ಕೆಲಸ.

ಅವಳ ಮೊದಲನೆಯ ಕೆಲಸವು ನಿರಾಕರಣವೇ ಆಗಿದೆ. ಬೇಸರ ಕಳೆಯಲು ಕಥೆಯನ್ನು ಹೇಳೆಂದು ಕೇಳಿದವಳು ಅವಳೇ. ಯಾವ ಕಥೆಯೆಂಬುದೂ ಅವಳೊಡನೆ ಮಾತಾಡಿಯೇ ನಿಶ್ಚಯವಾಗುತ್ತದೆ. ಪದ್ಯವೋ ಗದ್ಯವೋ ಎಂಬ ಪ್ರಶ್ನೆ ಬಂದಾಗ ಅವಳು ಪದ್ಯವನ್ನು ತಳ್ಳಿಬಿಡುತ್ತಾಳೆ. ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ಇದಕ್ಕೆ ಕೆಲವೇ ವರ್ಷಗಳ ಹಿಂದೆ ಷಟ್ಪದಿಯಲ್ಲಿ ಪಟ್ಟಾಭಿಷೇಕವನ್ನು ಬರೆದವನು ಇದೇ ಕವಿಯಲ್ಲವೇ? ತಾನು ಶ್ರಮಪಟ್ಟು ಸಾಧಿಸಿದ ಪದ್ಯವನ್ನೇ ಬೇಡವೆನ್ನುವ ಶ್ರೋತ್ರಿಯನ್ನು ತಾನೇ ಎದುರಿಗೆ ಕುಳ್ಳಿರಿಸಿಕೊಂಡನು. ಗದ್ಯವೇ ಆಗಲೆಂದು ಆತನು ಒಪ್ಪಿ ಸಂಸ್ಕೃತ ಸಮಾಸಗಳ ಭಾರದಿಂದ ತುಂಬಿದ ವಾಕ್ಯವನ್ನು ಘನವಾಗಿ ಎತ್ತಿದರೆ ಅವಳು ಅದನ್ನೂ ಅರ್ಧದಲ್ಲಿಯೇ ತಡೆಯುತ್ತಾಳೆ. ತನಗೆ ತಿಳಿಯುವ ತಿರುಳುಗನ್ನಡದಲ್ಲಿ ಹೇಳೆಂಬುದು ಅವಳ ಆಗ್ರಹ. ಮಾತಿಗೆ ಮಾತು ಬೆಳೆದು, ಕನ್ನಡದ ನಡುವೆ ಅಲ್ಲಲ್ಲಿ ಸಂಸ್ಕೃತದ ನುಡಿಯು ಒಪ್ಪುವಂತೆ ಬಂದರೆ ಅಡ್ಡಿಯಿಲ್ಲವೆಂಬಲ್ಲಿಗೆ ಒಪ್ಪಂದವಾಗುತ್ತದೆ. ಆ ಮೇಲೆಯೇ ಕಥೆಯು ನಡೆಯತೊಡಗುವುದು. ನಡುನಡುವೆಯೂ ಅವಳು ಕೇಳುತ್ತಾಳೆ, ಕೆಣಕುತ್ತಾಳೆ, ನಗುತ್ತಾಳೆ, ನೋಯುತ್ತಾಳೆ.

ಈ ಸಂವಾದವನ್ನು ಸರಸಸಲ್ಲಾಪವೆಂದು ಹೊಗಳುವುದು ವಾಡಿಕೆ. ಭಾಷೆಯ ವಿಚಾರದಲ್ಲಿ ಕವಿಯ ಅಭಿಪ್ರಾಯವನ್ನು ತಿಳಿಯುವುದಕ್ಕೆ ಸಾಧನವೆಂದು ಹೇಳುವುದೂ ಉಂಟು. ಎರಡೂ ಸರಿ. ಆದರೆ ಇದರ ಅಂತರಂಗದಲ್ಲಿರುವುದು ಬೇರೊಂದು. ಯಾವ ಮಾತು ಮೈಸೂರಿನ ಅಪರಿಚಿತ ವಿದ್ವಾಂಸನ ಬಾಯಿಂದ ಬಂದೀತೆಂದು ಕವಿಯು ಅಂಜಿದನೋ ಆ ಮಾತನ್ನೇ ಮನೋರಮೆಯ ಬಾಯಿಯಲ್ಲಿಟ್ಟು ಕೇಳಿಸಿಕೊಂಡನು. ಬೇಡ, ಸಾಕು, ಇದು ರುಚಿಸಲಿಲ್ಲ ಎಂಬ ಮೂರು ಮಾತುಗಳನ್ನು ಕೇಳಿದ ಮೇಲೂ ಕವಿಯು ಕವಿಯಾಗಿಯೇ ಉಳಿದನು, ಕಥೆಯು ಉಳಿಯಿತು, ಅಷ್ಟೇ ಅಲ್ಲ, ಉತ್ತಮವಾಯಿತು. ಅವಳು ತಡೆಯದೆ ಹೋಗಿದ್ದರೆ ರಾಮಾಶ್ವಮೇಧವು ಸಮಾಸಗಳ ಕಾಡಿನಲ್ಲಿ ದಾರಿ ತಪ್ಪುತ್ತಿತ್ತು. ಇಂದು ಕನ್ನಡಿಗರು ಪ್ರೀತಿಯಿಂದ ನೆನೆಯುವ ಆ ಗದ್ಯದ ಹದವು ಹುಟ್ಟಿದುದು ಒಬ್ಬ ಶ್ರೋತ್ರಿಯ ಬೇಡವೆಂಬ ಮಾತಿನಿಂದ. ನಿರಾಕರಣವು ಮನುಷ್ಯನನ್ನು ನಿರಾಕರಿಸುವುದಿಲ್ಲ. ಆತನು ಆ ಹೊತ್ತಿಗೆ ಮುಂದೆ ಹಿಡಿದ ಒಂದು ವಸ್ತುವನ್ನು ನಿರಾಕರಿಸುತ್ತದೆ. ಈ ಭೇದವನ್ನು ತಿಳಿದವನಿಗೆ ಅಭ್ಯರ್ಥನಾಭಂಗವು ಭಯವಾಗಿ ಉಳಿಯದೆ ಸಂಭಾಷಣೆಯಾಗಿ ಮಾರ್ಪಡುತ್ತದೆ.

ಮನೋರಮೆಯ ನಿರಾಕರಣವು ಏಕೆ ನೋಯಿಸಲಿಲ್ಲವೆಂಬುದನ್ನೂ ನೋಡತಕ್ಕದ್ದು. ಅವಳು ಮೊದಲು ಬಂದವನನ್ನು ಒಳಕ್ಕೆ ಕರೆದಳು, ಕುಳ್ಳಿರಿಸಿದಳು, ಉಪಚರಿಸಿದಳು. ಆಕ್ಷೇಪವು ಆಮೇಲೆ ಬಂದಿತು. ಮನುಷ್ಯನನ್ನು ಸ್ವೀಕರಿಸಿದ ಬಳಿಕ ಅವನ ವಾಕ್ಯವನ್ನು ತಳ್ಳಿದಳು. ಲೋಕದ ಸಭೆಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಮೊದಲು ವಾಕ್ಯವನ್ನು ಅಳೆಯುತ್ತಾರೆ. ಅದು ಒಪ್ಪಿಗೆಯಾದರೆ ಮನುಷ್ಯನಿಗೆ ಮಣೆ ಹಾಕುತ್ತಾರೆ. ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನು ಗುರುದಕ್ಷಿಣೆಗಾಗಿ ಬಂದಾಗ ರಘುವಿನ ಬೊಕ್ಕಸವು ವಿಶ್ವಜಿದ್ಯಾಗದಲ್ಲಿ ಬರಿದಾಗಿ, ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತರುವ ಸ್ಥಿತಿಯಿತ್ತು. ಅದನ್ನು ಕಂಡ ಕೌತ್ಸನು ಕೇಳಲು ಸಂಕೋಚಪಟ್ಟು ಹಿಂದಿರುಗಲು ಹೊರಟನು. ರಘುವು ಬಿಡಲಿಲ್ಲ. ಬೇಡಲು ಬಂದವನು ತನ್ನಲ್ಲಿ ಫಲ ಕಾಣದೆ ಬೇರೊಬ್ಬನ ಬಳಿಗೆ ಹೋದನೆಂಬ ಅಪವಾದವನ್ನು ತಾನು ಹೊರಲಾರೆನೆಂದು ಅವನನ್ನು ನಿಲ್ಲಿಸಿಕೊಂಡನು. ಬಂದವನ ಭಯವನ್ನು ಕಳೆಯುವ ಹೊಣೆಯಲ್ಲಿ ಅರ್ಧವು ಒಳಗಿರುವವನದೆಂಬುದಕ್ಕೆ ರಘುವಿನ ಮಣ್ಣಿನ ಪಾತ್ರೆಯೂ ಮನೋರಮೆಯ ಉಪಚಾರವೂ ಸಾಕ್ಷಿಗಳು.

ಇನ್ನೊಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ಮನೋರಮೆಯು ಕವಿಯ ಕಲ್ಪನೆಯೇ ಅಲ್ಲವೇ? ತಾನೇ ಹುಟ್ಟಿಸಿದವಳಿಂದ ತಾನೇ ಬೇಡವೆನ್ನಿಸಿಕೊಳ್ಳುವುದರಲ್ಲಿ ಧೈರ್ಯವೇನು ಬಂತು? ತನ್ನ ಕೈಯ ಕತ್ತಿಯಿಂದ ತನಗೆ ಗಾಯವಾಗದೆಂಬುದು ಎಲ್ಲರಿಗೂ ಗೊತ್ತಲ್ಲವೇ? ಇದು ಬಲವಾದ ಆಕ್ಷೇಪವು. ಇದಕ್ಕೆ ಸಮಾಧಾನವೇನೆಂದರೆ, ಅಭ್ಯಾಸವು ಯುದ್ಧವಲ್ಲ, ದಿಟ. ಆದರೆ ಅಭ್ಯಾಸವಿಲ್ಲದೆ ಯುದ್ಧವೂ ಇಲ್ಲ. ವ್ಯಾಯಾಮದ ಉಪಾಧ್ಯಾಯನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಮವಂತನೂ ಒಂದೇ ಸಲಕ್ಕೆ ಶಿವನನ್ನು ಕೇಳಲಿಲ್ಲ. ತಪಸ್ಸಿಗೆ ಬಂದ ಶಿವನ ಶುಶ್ರೂಷೆಗೆಂದು ಮಗಳನ್ನು ಸಖಿಯರೊಡನೆ ಕಳುಹಿಸಿದನು. ಕೇಳದೆಯೂ ಅಡಗದೆಯೂ ಹತ್ತಿರಕ್ಕೆ ಹೋಗುವ ಮಾರ್ಗವೊಂದುಂಟೆಂದು ಇದರಿಂದ ತಿಳಿಯುತ್ತದೆ. ಮುಂದೆ ಮನ್ಮಥನು ಬೂದಿಯಾಗಿ ಪಾರ್ವತಿಯ ಆಸೆಯು ಒಮ್ಮೆ ಭಂಗಪಟ್ಟಿತು. ಅವಳು ಅದರಿಂದ ಅಡಗಲಿಲ್ಲ. ತನ್ನ ರೂಪವನ್ನು ಹಳಿದುಕೊಂಡು ತಪಸ್ಸಿಗೆ ನಿಂತಳು, ವೇಷಧಾರಿಯು ಬಂದು ಶಿವನನ್ನು ನಿಂದಿಸಿದಾಗ ಎದುರುತ್ತರವನ್ನು ಕೊಟ್ಟಳು. ತಂದೆಯ ಭಯವನ್ನು ಮಗಳು ದಾಟಿದಳು.

ಮುದ್ದಣನು ಅಭ್ಯಾಸದ ತನಕ ಬಂದನು. ಆ ಕೊನೆಯ ಹೆಜ್ಜೆಯನ್ನು ಇಡಲಿಲ್ಲ. ಇಡುವುದಕ್ಕೆ ಕಾಲವೂ ಉಳಿಯಲಿಲ್ಲ. ಕ್ಷಯರೋಗವು ಆತನನ್ನು 1901ರ ಫೆಬ್ರವರಿಯಲ್ಲಿ ಕರೆದುಕೊಂಡುಹೋಯಿತು. ಆಗ ಆತನಿಗೆ ಮೂವತ್ತೊಂದು ವರ್ಷ. ಆ ಕೃತಿಗಳು ಆತನವೇ ಎಂಬುದು ನಾಡಿಗೆ ನಿಶ್ಚಯವಾಗಿ ತಿಳಿದುದು ಆತನು ಹೋದ ಮೇಲೆ. ಇಲ್ಲಿಯೇ ಮುಸುಕಿನ ಬೆಲೆ ಎಷ್ಟೆಂಬುದು ಗೊತ್ತಾಗುವುದು. ಹೆಸರಿಲ್ಲದವನನ್ನು ಯಾರೂ ತಿರಸ್ಕರಿಸಲಾರರು; ಯಾರೂ ಸ್ವೀಕರಿಸಲೂ ಆರರು. ತಿರಸ್ಕಾರವೂ ಆದರವೂ ಒಂದೇ ಬಾಗಿಲಿನಿಂದ ಒಳಕ್ಕೆ ಬರತಕ್ಕವುಗಳು. ಒಂದನ್ನು ತಡೆಯಲೆಂದು ಅಗುಳಿಯಿಟ್ಟವನು ಮತ್ತೊಂದನ್ನೂ ತಡೆದಂತಾಯಿತು. ಯಾವುದೋ ಊರಿನ ಸಹೃದಯನೊಬ್ಬನು ಗ್ರಂಥವನ್ನು ಓದಿ ಮುಗಿಸಿ ಈ ಹಳೆಯ ಕವಿಯು ಎಷ್ಟು ರಸಿಕನೆಂದು ತಲೆದೂಗಿದ್ದರೆ, ಆ ತಲೆದೂಗು ಉಡುಪಿಯಲ್ಲಿ ಕೆಮ್ಮುತ್ತ ಮಲಗಿದ್ದವನಿಗೆ ಸಲ್ಲಲಿಲ್ಲ. ಎಂದೂ ಇಲ್ಲದಿದ್ದ ಒಬ್ಬ ಪ್ರಾಚೀನನಿಗೆ ಸಂದಿತು. ಚಾಟರ್ಟನನಿಗೆ ಮುಸುಕು ಹರಿದುದರಿಂದ ಕೇಡಾಯಿತು. ಮುದ್ದಣನಿಗೆ ಅದು ಹರಿಯದುದರಿಂದ ನಷ್ಟವಾಯಿತು.

ಇಷ್ಟರಿಂದ ಕಾವ್ಯನಾಮವನ್ನೇ ದೂಷಿಸಿದಂತೆ ಯಾರೂ ಭಾವಿಸಬಾರದು. ಮಾಸ್ತಿಯವರು ಶ್ರೀನಿವಾಸರೆಂದೂ ಬೇಂದ್ರೆಯವರು ಅಂಬಿಕಾತನಯದತ್ತರೆಂದೂ ಬರೆದರು. ಆ ಹೆಸರನ್ನು ಹಿಡಿದು ಕರೆದರೆ ಅವರು ಓಗೊಟ್ಟರು. ಕರೆದರೆ ಓಗೊಡುವ ಹೆಸರು ಅಂಕಿತ. ಕರೆದರೂ ಓಗೊಡದ ಹೆಸರು ಮರೆ. ಇವೆರಡರ ಅಂತರವೇ ಈ ವಿಷಯದ ಸಾರವು.

ಗೋವಿಂದರಾಜನಗರದಂತಹ ಬಡಾವಣೆಗಳಲ್ಲಿ ಈಗಲೂ ಕಿಸೆಯಲ್ಲಿ ಮಡಿಸಿದ ಕಾಗದವನ್ನಿಟ್ಟುಕೊಂಡು ಸಾಹಿತ್ಯ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು, ಓದದೆಯೇ ಎದ್ದುಹೋಗುವ ತರುಣರು ಇದ್ದೇ ಇರುತ್ತಾರೆ. ಅವರಿಗೆ ಧೈರ್ಯ ತಂದುಕೊಳ್ಳಿರೆಂದು ಉಪದೇಶಿಸಿದರೆ ಪ್ರಯೋಜನವಿಲ್ಲ. ಹಿಮವಂತನಿಗೆ ಯಾರು ಉಪದೇಶಿಸಿಯಾರು? ಅವರು ಮೊದಲು ತಮ್ಮದೊಬ್ಬ ಮನೋರಮೆಯನ್ನು ಹುಡುಕಿಕೊಳ್ಳಲಿ. ಮುಖಸ್ತುತಿಯನ್ನು ಮಾಡದೆ, ಬೇಡವಾದುದನ್ನು ಬೇಡವೆಂದು ಹೇಳಿ, ಆದರೂ ಮುಂದೇನಾಯಿತೆಂದು ಕೇಳುವ ಒಬ್ಬ ಕೇಳುಗನು ದೊರೆತರೆ ಸಾಕು. ಒಬ್ಬರ ನಿರಾಕರಣವನ್ನು ನಗುತ್ತ ದಾಟಿದವನಿಗೆ ನೂರು ಜನರ ಸಭೆಯು ಅದೇ ಒಬ್ಬರು ನೂರು ಮಡಿಯಾದಂತೆ ಕಾಣುತ್ತದೆ. ವೇದಿಕೆಯ ಮೇಲಿರುವ ಹಿರಿಯರಾದರೋ ಮನೋರಮೆಯ ಕ್ರಮವನ್ನು ನೆನಪಿನಲ್ಲಿಡಲಿ. ಮೊದಲು ಉಪಚಾರ, ಆಮೇಲೆ ಆಕ್ಷೇಪ. ಹೊಸಬನು ತನ್ನ ಹೆಸರನ್ನು ಹೇಳಿದಾಗ ಅದು ಯಾರ ಮನೆಯದೆಂದು ಕೇಳದೆ, ಏನನ್ನು ತಂದಿರುವೆಯೆಂದು ಕೇಳುವ ಸಭೆಯಿದ್ದಲ್ಲಿ ಮುಸುಕುಗಳ ಆವಶ್ಯಕತೆಯೇ ಬೀಳುವುದಿಲ್ಲ.

ನಂದಳಿಕ�ೆಯ ಲಕ್ಷ್ಮೀನಾರಣಪ್ಪನು ತನ್ನ ಕಾಲದ ಅಪರಿಚಿತರ ಮುಂದೆ ಹೆಸರನ್ನು ಹೇಳಿಕೊಳ್ಳಲಾರದೆ ಹೋದನು. ಆದರೆ ಹೇಗೆ ಹೇಳಿಕೊಳ್ಳಬೇಕೆಂಬುದನ್ನು, ಬೇಡವೆನ್ನಿಸಿಕೊಂಡರೂ ಹೇಗೆ ಕುಳಿತ ಮಣೆಯಿಂದ ಏಳದೆ ಕಥೆಯನ್ನು ಮುಂದುವರಿಸಬೇಕೆಂಬುದನ್ನು ಮಳೆಗಾಲದ ಒಂದು ಮನೆಯೊಳಗೆ ಬರೆದಿಟ್ಟನು. ಆ ಮನೆಯ ಬಾಗಿಲು ಇಂದಿಗೂ ತೆರೆದಿದೆ. ಒಳಕ್ಕೆ ಹೋಗುವ ವಾಚಕನಿಗೆ ಮುದ್ದಣನು ಮೊದಲನೆಯ ಪುಟದಲ್ಲಿಯೇ ತನ್ನ ಹೆಸರಿನಿಂದ ಸಿಕ್ಕುತ್ತಾನೆ.